ಗುರುವಾರದ ರಾಯರು

‘ಪಿಟೀಲು ಕುಯ್ಯೋದು’ ಅನ್ನುವ ಮಾತಿಗೆ ಕನ್ನಡದಲ್ಲಿ ಎರಡು ಅರ್ಥ. ಒಂದು, ಇಪ್ಪತ್ತೈದು ವರ್ಷದಿಂದ ನಾನು ಹೊಟ್ಟೆಪಾಡಿಗೆ ಮಾಡಿಕೊಂಡು ಬಂದಿರುವ ಕೆಲಸ. ಇನ್ನೊಂದು, ಅರ್ಜೆಂಟಾಗಿ ಎಲ್ಲಿಗೋ ಹೊರಟವನನ್ನು ತಡೆದು ನಿಲ್ಲಿಸಿ ಕಿವಿ ತೂತು ಬೀಳುವ ಹಾಗೆ ಕೊರೆಯೋದು. ವೀಣೆಗೆ ಈ ಅವಮಾನ ಆಗಿಲ್ಲ. ಕೊಳಲಿಗೆ ಆಗಿಲ್ಲ. ‘ಎಷ್ಟು ಹೊತ್ತು ಮೃದಂಗ ಬಾರಿಸ್ತೀಯೋ, ಸಾಕು ಮಾಡೋ’ ಅಂತ ಯಾರೂ ಯಾರಿಗೂ ಬೈದದ್ದು ನಾನು ಕೇಳಿಲ್ಲ. ನನ್ನ ಸಂಕಟ ಅರ್ಥವಾಗುವುದಿದ್ದರೆ ಪುಂಗಿ ಊದುವವನಿಗೆ ಮಾತ್ರ. ಈಗಿನ ಹುಡುಗರು ಅವನ ವಾದ್ಯವನ್ನೂ ‘ಪುಂಗಬೇಡ ಮಗಾ’ ಅಂತ ಬೀದಿಗೆ ಎಳೆದಿದ್ದಾರೆ.

ಈ ಎರಡು ಅರ್ಥಗಳ ನಡುವೆ ಗೆರೆ ಎಲ್ಲಿದೆ ಅಂತ ನಾನು ಮೊದಲು ತಲೆ ಕೆಡಿಸಿಕೊಂಡವನಲ್ಲ. ಕೆಡಿಸಿದವರು ರಾಯರು.

ರಾಯರು ಅಂದರೆ ದೊಡ್ಡವರೇನಲ್ಲ, ಐದನೇ ಕ್ಲಾಸು. ಪ್ರತಿ ಗುರುವಾರ ಸಂಜೆ ಐದೂವರೆಗೆ ಬರುತ್ತಾನೆ. ಅದಕ್ಕೇ ನನ್ನ ಹೆಂಡತಿ ಅವನಿಗೆ ‘ರಾಯರು’ ಅಂತ ನಾಮಕರಣ ಮಾಡಿದ್ದಾಳೆ. ಗೇಟಿನ ಚಿಲಕ ಸದ್ದಾದರೆ ಒಳಗಿನಿಂದಲೇ, ‘ಏನ್ರೀ, ರಾಯರ ಸವಾರಿ ಬಂತು, ಮಂಗಳಾರತಿಗೆ ಏಳಿ’ ಅನ್ನುತ್ತಾಳೆ. ನನ್ನ ಕಡೆಯಿಂದ ಅವನಿಗೆ ಮಂಗಳಾರತಿ ಆಗುತ್ತದೋ, ಅವನ ಕಡೆಯಿಂದ ನನಗೋ ಅನ್ನುವುದನ್ನು ಅವಳು ಬಿಡಿಸಿ ಹೇಳುವುದಿಲ್ಲ.

ರಾಯರ ವಾರಫಲ ಹೀಗಿದೆ. ಸೋಮವಾರ ಅಬಾಕಸ್, ಮಂಗಳವಾರ ಕರಾಟೆ, ಬುಧವಾರ ಚೆಸ್ಸು, ಗುರುವಾರ ನಾನು, ಶುಕ್ರವಾರ ಅಕ್ಷರ ದುಂಡಗೆ ಮಾಡುವ ಕ್ಲಾಸು, ಶನಿವಾರ ಈಜು. ಭಾನುವಾರ ಯಾಕೆ ಖಾಲಿ ಬಿಟ್ಟಿದ್ದೀರಿ ಅಂತ ಅವರಮ್ಮನನ್ನು ನಾನು ಕೇಳಿಲ್ಲ. ಕೇಳಿದ್ದರೆ ತಬಲಾಕ್ಕೆ ಸೇರಿಸಿಬಿಡುತ್ತಿದ್ದರೇನೋ. ಒಳ್ಳೆಯ ಹೆಣ್ಣುಮಗಳು, ಬ್ಯಾಂಕಿನಲ್ಲಿ ಕೆಲಸ. ಮೊದಲ ದಿನವೇ, ‘ಸರ್, ಪಿಟೀಲು ಕಲಿತರೆ ಮ್ಯಾಥ್ಸ್ ಚೆನ್ನಾಗಿ ಬರುತ್ತಂತೆ’ ಅಂದರು. ನನ್ನ ಎಸ್ಸೆಸ್ಸೆಲ್ಸಿ ಗಣಿತದ ಅಂಕ ನೆನಪಾಯಿತು. ಫೀಸಿನ ಲಕೋಟೆ ಅಷ್ಟರಲ್ಲಿ ಕೈಗೆ ಬಂದಿದ್ದರಿಂದ ‘ಹೌದಮ್ಮ’ ಅಂದುಬಿಟ್ಟೆ. ‘ಐನ್‌ಸ್ಟೈನ್ ಕೂಡ ಪಿಟೀಲು ನುಡಿಸ್ತಿದ್ರಲ್ವಾ ಸರ್?’ ಅಂದರು. ಅದೂ ಹೌದು. ಆದರೆ 6ನೇ ವಯಸ್ಸಿಗೆ ಮೇಷ್ಟ್ರ ಕೈಗೆ ಸಿಕ್ಕ ಆ ಪುಣ್ಯಾತ್ಮ, 13ರಲ್ಲಿ ಮೊಜಾರ್ಟನ ಸೊನಾಟಾಗಳ ಮೇಲೆ ಪ್ರೀತಿ ಹುಟ್ಟಿದ ಮೇಲೇ ತಾನು ನಿಜವಾಗಿ ಕಲಿಯತೊಡಗಿದ್ದು ಅಂತ ಹೇಳಿಕೊಂಡಿದ್ದಾನೆ. ಅಂದರೆ ಮಧ್ಯದ ಏಳು ವರ್ಷ ಯಾವನೋ ಜರ್ಮನ್ ಮೇಷ್ಟ್ರು ನನ್ನ ಹಾಗೇ ಗೋಡೆ ಗಡಿಯಾರ ನೋಡಿಕೊಂಡು ಕೂತಿದ್ದ. ಆ ಮೇಷ್ಟ್ರ ಫೋಟೋ ಸಿಕ್ಕರೆ ಕಟ್ಟು ಹಾಕಿಸಿ ಶ್ರುತಿಪೆಟ್ಟಿಗೆಯ ಪಕ್ಕದಲ್ಲಿಟ್ಟು ಹೂವೇರಿಸುತ್ತೇನೆ.

ರಾಯರು ಸರಳೆ ವರಸೆಯಲ್ಲಿದ್ದಾರೆ. ಎಷ್ಟು ದಿನದಿಂದ ಅಂತ ಕೇಳಬೇಡಿ. ಕೇಳಿದರೆ ಒಂದೂವರೆ ವರ್ಷ. ಪುರಂದರದಾಸರು ಮಕ್ಕಳಿಗೆ ಸುಲಭವಾಗಲಿ ಅಂತ ಮಾಯಾಮಾಳವಗೌಳ ರಾಗದಲ್ಲಿ ಸರಳೆ, ಜಂಟೆ, ಅಲಂಕಾರ ಅಂತ ಮೆಟ್ಟಿಲು ಕಟ್ಟಿಕೊಟ್ಟರು. ಅದನ್ನು ಹತ್ತಿ ಮಲಹರಿಯ ಪಿಳ್ಳಾರಿ ಗೀತೆಗೆ ಬಂದರೆ ಮನೆಯವರಿಗೂ ‘ಓ, ಇದು ಹಾಡು’ ಅಂತ ಗುರುತು ಸಿಗುತ್ತದೆ. ರಾಯರು ಮೊದಲ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟುಕೊಂಡಿದ್ದಾರೆ. ಗಾಳಿ ಚೆನ್ನಾಗಿದೆ, ಏಳುವ ಅವಸರ ಅವರಿಗಿಲ್ಲ.

ಹಾಗಂತ ದಡ್ಡ ಅಂದುಕೊಳ್ಳಬೇಡಿ. ದಡ್ಡನಿಗೆ ಪಾಠ ಹೇಳುವುದು ಸುಲಭ, ಅವನಿಗೆ ನಮ್ಮ ಮೇಲೆ ಗೌರವ ಇರುತ್ತದೆ. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿಟ್ಟರೆ ರಿಷಭ, ಎಲ್ಲಿಟ್ಟರೆ ಗಾಂಧಾರ ಅಂತ ಕಿವಿಯೇ ಹೇಳಬೇಕು. ಕೂದಲೆಳೆಯಷ್ಟು ಜರುಗಿದರೆ ಅಪಸ್ವರ. ಜೊತೆಗೆ ಚಕ್ಕಂಬಕ್ಕಳ ಹಾಕಿ ಕೂರಬೇಕು, ಪಿಟೀಲಿನ ತಲೆ ಬಲಪಾದದ ಮೇಲೆ, ಬುಡ ಎಡಭುಜದ ಕೆಳಗೆ ಎದೆಗೆ ಆತುಕೊಂಡು. ಕಮಾನು ಕುದುರೆಗೆ ಸಮಾನಾಂತರವಾಗಿ ಹೋಗಬೇಕು. ಇಷ್ಟನ್ನೂ ಒಟ್ಟಿಗೆ ಸಂಭಾಳಿಸಲಾಗದೆ ಒದ್ದಾಡುವ ಮಕ್ಕಳು ನನ್ನ ಹತ್ತಿರ ಬೇಕಾದಷ್ಟಿವೆ. ರಾಯರು ಒದ್ದಾಡುವುದೇ ಇಲ್ಲ. ಆ ಪರಿಶ್ರಮವನ್ನೆಲ್ಲ ಅವರು ಬೇರೊಂದು ವಿದ್ಯೆಗೆ ಮುಡಿಪಾಗಿಟ್ಟಿದ್ದಾರೆ: ನೆಪ.

ನೆಪ ಹೇಳುವುದರಲ್ಲಿ ಅವನ ಮನೋಧರ್ಮ ನಮ್ಮ ಎಷ್ಟೋ ವಿದ್ವಾಂಸರಿಗಿಲ್ಲ. ಒಂದು ಗುರುವಾರದ ಕಚೇರಿಯನ್ನು ಹೇಳುತ್ತೇನೆ ಕೇಳಿ. ‘ಪ್ರಾಕ್ಟೀಸ್ ಮಾಡಿದ್ಯೇನೋ?’ ಅಂತ ನಾನು ಶ್ರುತಿ ಕೊಡುತ್ತೇನೆ. ಮೊದಲು ಆಲಾಪನೆ: ‘ಅದೂ... ಸಾರ್... ಏನಾಯ್ತು ಅಂದ್ರೆ... ಸೋಮವಾರ ಇದೆಯಲ್ಲ ಸಾರ್... ಸೋಮವಾರ...’ ರಾಗ ಯಾವುದು ಅಂತ ಇನ್ನೂ ಬಿಟ್ಟುಕೊಡುವುದಿಲ್ಲ. ಮಂದ್ರದಲ್ಲೇ ಸುಳಿದಾಡುತ್ತಾನೆ. ಆಮೇಲೆ ತಾನ: ‘ಹೋಮ್‌ವರ್ಕು, ಪ್ರಾಜೆಕ್ಟು, ಚಾರ್ಟು, ಗಮ್ಮು, ಥರ್ಮೋಕೋಲು.’ ಕೊನೆಗೆ ಪಲ್ಲವಿ. ಪಲ್ಲವಿ ಯಾವಾಗಲೂ ಒಂದೇ: ‘ಟೈಮ್ ಸಿಗಲಿಲ್ಲ ಸಾರ್, ಮನೇಲಿ ನೆಂಟರಿದ್ರು.’ ಇದನ್ನು ಮೊದಲು ವಿಳಂಬದಲ್ಲಿ ಹೇಳುತ್ತಾನೆ. ನಾನು ಹುಬ್ಬು ಗಂಟಿಕ್ಕಿದರೆ ದುರಿತಕ್ಕೆ ಏರಿಸುತ್ತಾನೆ. ಯಾವ ನೆಂಟರು ಅಂದರೆ ಕಲ್ಪನಾಸ್ವರ ಶುರು: ದಾವಣಗೆರೆ ಅತ್ತೆ, ಅತ್ತೆಯ ಮಗು, ಮಗುವಿಗೆ ಜ್ವರ, ಜ್ವರದ ಮಗು ಮಲಗಿರುವಾಗ ಪಿಟೀಲು ನುಡಿಸೋದು ಹೇಗೆ ಸಾರ್? ಸರಿಯಾಗಿ ಎಡುಪಿಗೆ ಬಂದು ನಿಲ್ಲುತ್ತಾನೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಪಿಟೀಲು ಪೆಟ್ಟಿಗೆಯ ಮೇಲೆ ಬೆರಳಲ್ಲಿ ತನಿ ಆವರ್ತನ.

ನಾನು ಕಣ್ಣು ಮುಚ್ಚಿ ‘ಹೂಂ’ ಅನ್ನುತ್ತೇನೆ. ಆ ಹೂಂನಲ್ಲಿ ಎಲ್ಲ ಇದೆ: ನೀನು ಹೇಳುವುದು ಸುಳ್ಳು ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ನಿನಗೂ ಗೊತ್ತು, ಈಗ ಪೆಟ್ಟಿಗೆ ತೆಗಿ.

ಹುಡುಗ ಮನೆಯಲ್ಲಿ ಪೆಟ್ಟಿಗೆ ತೆಗೆಯುತ್ತಾನೋ ಇಲ್ಲವೋ ಅಂತ ಪತ್ತೆ ಮಾಡಲು ಒಮ್ಮೆ ಒಂದು ಉಪಾಯ ಹೂಡಿದೆ. ಪಾಠ ಮುಗಿದ ಮೇಲೆ ಪೆಟ್ಟಿಗೆಯೊಳಗೆ, ಪಿಟೀಲು ಮುಚ್ಚುವ ಬಟ್ಟೆಯ ಕೆಳಗೆ, ಅವನಿಗೆ ಕಾಣದ ಹಾಗೆ ಒಂದು ಪೆಪ್ಪರ್‌ಮಿಂಟ್ ಇಟ್ಟೆ. ಪೆಟ್ಟಿಗೆ ತೆಗೆದರೆ ಹುಡುಗ ತಿನ್ನದೆ ಬಿಡುವುದಿಲ್ಲವಲ್ಲ. ಮುಂದಿನ ಗುರುವಾರ ನೋಡಿದರೆ ಪೆಪ್ಪರ್‌ಮಿಂಟ್ ಇಟ್ಟ ಹಾಗೇ ಇದೆ. ನಾನು ಏನೂ ಹೇಳಲಿಲ್ಲ, ಅದನ್ನು ತೆಗೆದು ಅವನ ಕೈಗಿಟ್ಟೆ. ಅವನೂ ಏನೂ ಹೇಳದೆ ಬಾಯಿಗೆ ಹಾಕಿಕೊಂಡ. ಎರಡನೇ ವಾರ ಮತ್ತೆ ಇಟ್ಟೆ. ಈ ಸಲ ಪೆಪ್ಪರ್‌ಮಿಂಟ್ ಮಾಯ! ಆಹಾ, ಮದ್ದು ನಾಟಿತು ಅಂತ ಹಿಗ್ಗಿ ಕಮಾನು ನೋಡುತ್ತೇನೆ, ಹೋದ ವಾರ ನಾನು ಸಡಿಲ ಮಾಡಿ ಇಟ್ಟದ್ದು ಸಡಿಲವಾಗಿಯೇ, ಅದೇ ಕೋನದಲ್ಲೇ, ಅದೇ ಕೊಂಡಿಯೊಳಗೆ ಮಲಗಿದೆ. ಮೂರನೇ ವಾರ ಅವನೇ ಬಾಯಿಬಿಟ್ಟ: ‘ಸಾರ್, ಈ ವಾರ ಕಿತ್ತಳೆದು ಇಡ್ತೀರಾ?’

ಹೆಂಡತಿಗೆ ಹೇಳಿದೆ. ‘ಪೆಟ್ಟಿಗೆ ತೆಗೆಯೋ ಅಭ್ಯಾಸ ಅಂತೂ ಆಯ್ತಲ್ಲ, ಅಲ್ಲಿಗೆ ನಿಮ್ಮ ಜನ್ಮ ಸಾರ್ಥಕ’ ಅಂದಳು.

ಇನ್ನೊಂದು ಸಲ ಎಣ್ಣೆಯ ಪ್ರಸಂಗ. ಗಮಕ ಹಿಡಿಯುವಾಗ ಬೆರಳು ತಂತಿಯ ಮೇಲೆ ಜಾರಬೇಕು, ಅದಕ್ಕೆ ನಮ್ಮವರು ಎಡಗೈ ಬೆರಳ ತುದಿಗೆ ಒಂದಿಷ್ಟು ಕೊಬ್ಬರಿ ಎಣ್ಣೆ ಮುಟ್ಟಿಸಿಕೊಳ್ಳುತ್ತಾರೆ. ನಾನು ಅದಕ್ಕಾಗಿ ಚಿಕ್ಕ ಬಟ್ಟಲಿನಲ್ಲಿ ಹತ್ತಿಯ ಮೇಲೆ ಎಣ್ಣೆ ಹಾಕಿ ಇಟ್ಟಿರುತ್ತೇನೆ. ಕಮಾನಿಗೆ ಇದರ ಉಲ್ಟಾ ನ್ಯಾಯ. ಅದರ ಕೂದಲು ಜಾರಬಾರದು, ತಂತಿಯನ್ನು ಕಚ್ಚಬೇಕು, ಅದಕ್ಕೆ ರಾಳ ಉಜ್ಜುವುದು. ಈ ಸೂಕ್ಷ್ಮವನ್ನು ನಾನು ರಾಯರಿಗೆ ಹತ್ತು ಸಲವಾದರೂ ಹೇಳಿದ್ದೇನೆ. ಆವತ್ತು ಫೋನು ಬಂತು ಅಂತ ಎರಡು ನಿಮಿಷ ಒಳಗೆ ಹೋಗಿ ಬಂದೆ. ಬಂದು ನೋಡಿದರೆ ಹುಡುಗ ಕಮಾನನ್ನು ಎಣ್ಣೆ ಹತ್ತಿಯ ಮೇಲೆ ಆ ತುದಿಯಿಂದ ಈ ತುದಿಗೆ ಶ್ರದ್ಧೆಯಿಂದ ಎಳೆಯುತ್ತಿದ್ದಾನೆ. ಒಂದೂವರೆ ವರ್ಷದಲ್ಲಿ ಅವನ ಕಮಾನು ಅಷ್ಟು ನೇರವಾಗಿ ಹೋದದ್ದನ್ನು ನಾನು ನೋಡಿರಲಿಲ್ಲ. ‘ಏನೋ ಇದು!’ ಅಂದರೆ, ‘ಕಿರ್ರ್ ಅಂತಿತ್ತು ಸಾರ್, ನಮ್ಮನೆ ಬಾಗಿಲೂ ಹಿಂಗೇ ಅಂದಾಗ ಅಜ್ಜಿ ಎಣ್ಣೆ ಬಿಡ್ತಾರೆ.’ ಆಮೇಲೆ ತಂತಿಯ ಮೇಲೆ ಎಳೆದ. ಸದ್ದೇ ಇಲ್ಲ. ಕಮಾನು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ರಾಯರ ಮುಖದ ಮೇಲೆ ಅಂಥ ಶಾಂತಿಯನ್ನು ಹಿಂದೆಂದೂ ಕಂಡಿರಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ, ಒಂದು ಕ್ಷಣ ನನಗೂ ಹಾಯೆನಿಸಿತು.

ಕಮಾನಿಗೆ ಹೊಸ ಕೂದಲು ಕಟ್ಟಿಸಬೇಕಾಯಿತು. ಆ ವಿಷಯ ಹೇಳುವಾಗ ಬಾಯಿತಪ್ಪಿ ಅದು ಕುದುರೆ ಬಾಲದ ಕೂದಲು, ಒಂದು ಕಮಾನಿಗೆ ಸುಮಾರು 150 ಎಳೆ ಹಿಡಿಯುತ್ತದೆ ಅಂದೆ. ಮುಗಿಯಿತು. ‘ಕುದುರೆಗೆ ನೋಯಲ್ವಾ ಸಾರ್?’ ‘ಯಾವ ಬಣ್ಣದ ಕುದುರೆ ಸಾರ್?’ ‘ತಂತಿ ಕೆಳಗಿರೋ ಈ ಮರದ ತುಂಡಿಗೂ ಕುದುರೆ ಅಂತೀರಲ್ಲ, ಕುದುರೆ ಮೇಲೆ ಕುದುರೆ ಬಾಲ ಉಜ್ಜೋದಾ ಸಾರ್?’ ನಲವತ್ತು ವರ್ಷದಿಂದ ನಾನು ಕುದುರೆಯ ಮೇಲೆ ಕುದುರೆ ಬಾಲ ಆಡಿಸುತ್ತಿದ್ದೇನೆ, ಈ ಮಾತು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ‘ಗಂಡು ಕುದುರೆನಾ, ಹೆಣ್ಣು ಕುದುರೆನಾ?’ ಅಂತಲೂ ಕೇಳಿದ. ಗಂಡು ಕುದುರೆಯ ಬಾಲವೇ ವಾಸಿ ಅಂತ ಕಸುಬಿನವರು ಹೇಳುತ್ತಾರೆ. ಯಾಕೆ ಅಂತ ಅವನು ಕೇಳುವಷ್ಟರಲ್ಲಿ ಪುಣ್ಯಕ್ಕೆ ಗೇಟಿನ ಹೊರಗೆ ಅವರಮ್ಮನ ಸ್ಕೂಟರ್ ಹಾರ್ನ್ ಆಯಿತು. ಕುತೂಹಲ ಇರುವ ಓದುಗರು ಹೆಣ್ಣು ಕುದುರೆ ನಿಂತಲ್ಲೇ ಮೂತ್ರ ಮಾಡುವುದನ್ನು ನೆನೆದುಕೊಂಡರೆ ಸಾಕು.

ಇಲ್ಲಿಂದಲೇ ರಾಯರಿಗೆ ನನ್ನ ಬಿರಡೆ ಎಲ್ಲಿದೆ ಅಂತ ಗೊತ್ತಾಗಿಹೋಯಿತು. ಹಳೆಯ ಕಥೆ ಕೇಳಿದರೆ ಮೇಷ್ಟ್ರು ಪಾಠ ಮರೆಯುತ್ತಾರೆ! ಆಮೇಲಿನ ಗುರುವಾರ ಸರಳೆ ಮೂರನೇ ವರಸೆಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ, ‘ಸಾರ್, ಪಿಟೀಲು ನಮ್ಮದಾ, ಫಾರಿನ್ನಿಂದಾ?’ ಅಂದ. ಎಂಥ ಮಗು, ಎಂಥ ಜಿಜ್ಞಾಸೆ ಅಂತ ನಾನು ಕರಗಿಹೋದೆ. ಪಿಟೀಲು ಕೆಳಗಿಟ್ಟು ಶುರುಮಾಡಿದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು, 1786ರಲ್ಲಿ ಹುಟ್ಟಿದವರು, ಮದ್ರಾಸಿನಲ್ಲಿ ಐರೋಪ್ಯನೊಬ್ಬನಿಂದ ಈ ವಾದ್ಯ ಕಲಿತು ಅದರಲ್ಲಿ ನಮ್ಮ ರಾಗ ನುಡಿಸಿದರು. ಆಮೇಲೆ ತಂಜಾವೂರಿನ ವಡಿವೇಲು ಕೈಗೆ ಬಂತು. ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನೇ ಉಡುಗೊರೆ ಕೊಟ್ಟರು. ‘ದಂತ ಅಂದ್ರೆ ಆನೆದಾ ಸಾರ್? ಪಾಪ ಅಲ್ವಾ?’ ಅಂದ. ಅಲ್ಲಿಂದ ಖೆಡ್ಡಾ, ಖೆಡ್ಡಾದಿಂದ ಕಾಕನಕೋಟೆ, ಕಾಕನಕೋಟೆಯಿಂದ ಮೈಸೂರು ದಸರಾ. ಮುಕ್ಕಾಲು ಗಂಟೆ ಆಗಿಹೋಯಿತು. ಮೂರನೇ ವರಸೆ ಹಾಗೇ ಉಳಿಯಿತು.

ಚೌಡಯ್ಯನವರ ಹೆಸರನ್ನಂತೂ ಅವನು ಬ್ರಹ್ಮಾಸ್ತ್ರದ ಹಾಗೆ ಕಾದಿಟ್ಟುಕೊಂಡಿದ್ದಾನೆ. ನಾನು ಸಿಟ್ಟಾಗಿದ್ದ ದಿನ ಮಾತ್ರ ಬಿಡುತ್ತಾನೆ. ‘ಸಾರ್, ಎಲ್ಲರಿಗೂ ನಾಲ್ಕು ತಂತಿ ಸಾಕು, ಚೌಡಯ್ಯನೋರಿಗೆ ಏಳು ಯಾಕೆ ಬೇಕಿತ್ತು?’ ನಾನು ಮೈಸೂರಿನವನು ಸ್ವಾಮಿ. ಟಿ. ಚೌಡಯ್ಯನವರ ಹೆಸರು ಕೇಳಿ ಸುಮ್ಮನೆ ಕೂತರೆ ಈ ಊರಿನ ಕಾವೇರಿ ನೀರು ಕುಡಿದದ್ದಕ್ಕೆ ದ್ರೋಹ. ಮೈಕು ಇಲ್ಲದ ಕಾಲ, ಹಿಂದೆ ಕೂತವರಿಗೆ ಪಿಟೀಲು ಕೇಳಿಸುತ್ತಿರಲಿಲ್ಲ. ಅದಕ್ಕೇ ಅವರು ಮೂರು ತಂತಿಗೆ ಒಂದೊಂದು ಜೊತೆ ತಂತಿ ಕಟ್ಟಿ ಏಳು ಮಾಡಿದರು. ಜೊತೆ ತಂತಿ ಬೇರೆ ಸ್ಥಾಯಿಯದ್ದು, ಎರಡೂ ಒಟ್ಟಿಗೆ ಮೊಳಗುತ್ತಿದ್ದವು. ಅವನ್ನು ಶ್ರುತಿ ಮಾಡುವುದೇ ಒಂದು ತಪಸ್ಸು. ಅವರ ಗುರು ಬಿಡಾರಂ ಕೃಷ್ಣಪ್ಪನವರು ಇನ್ನೆಂಥವರು. ಬೆಂಗಳೂರಿನಲ್ಲಿ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಚೌಡಯ್ಯನವರ ಹೆಸರಿನ ಸಭಾಂಗಣ ಕಟ್ಟಿದರು. ಹೀಗೆ ನಾನು ಮೈಮರೆತು ಹೇಳುತ್ತಿದ್ದರೆ ರಾಯರು ನಡುನಡುವೆ ಒಂದು ಸೌದೆ ತುಂಡು ಒಲೆಗೆ ತಳ್ಳುತ್ತಾರೆ: ‘ಅಷ್ಟು ದೊಡ್ಡ ಪಿಟೀಲಿಗೆ ಎಷ್ಟು ರಾಳ ಬೇಕು ಸಾರ್?’

ಒಂದು ದಿನ ಹೀಗೇ ಚೌಡಯ್ಯಪುರಾಣ ಮುಗಿಸಿ ಅವನನ್ನು ಕಳಿಸಿ ಒಳಗೆ ಬಂದರೆ ಹೆಂಡತಿ ಹುರುಳಿಕಾಯಿ ಸೋಸುತ್ತಾ ತಲೆ ಎತ್ತದೆ ಕೇಳಿದಳು, ‘ಇವತ್ತು ಪಿಟೀಲು ಕುಯ್ದವರು ಯಾರು? ಅವನೋ, ನೀವೋ?’

ಆಗಲೇ ನಾನು ಹೇಳಿದ ಆ ಗೆರೆ ಅಳಿಸಿಹೋದದ್ದು.

ಆದರೂ ಸೋಲೊಪ್ಪಲಿಲ್ಲ. ತಿಳಿದವರನ್ನು ಕೇಳಿದೆ. ಮಕ್ಕಳಿಗೆ ಇಷ್ಟವಾದದ್ದು ಹೇಳಿಕೊಡಿ, ಸಿನಿಮಾ ಹಾಡು ಹೇಳಿಕೊಡಿ, ತಾನಾಗೇ ಆಸಕ್ತಿ ಬರುತ್ತದೆ ಅಂದರು. ಏನು ಇಷ್ಟ ಅಂದರೆ ‘ಕೆಜಿಎಫ್ ಮ್ಯೂಸಿಕ್ಕು’ ಅಂದ. ಸರಿ. ಐವತ್ತೆಂಟು ವರ್ಷದ ನಾನು, ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು, ರಾತ್ರಿ ಹನ್ನೊಂದು ಗಂಟೆಯವರೆಗೆ ಮಗಳ ಹೆಡ್‌ಫೋನು ಹಾಕಿಕೊಂಡು ರಾಕಿ ಭಾಯಿಯ ಅಬ್ಬರ ಕೇಳಿ ಕೇಳಿ ಸ್ವರ ಹಾಕಿದೆ. ಸ್ವರ ಹಾಕಿದ್ದನ್ನು ದುಂಡಗೆ ಬರೆದೆ. ಗುರುವಾರ ಅವನ ಮುಂದೆ ಕಣ್ಣು ಕೆಂಪು ಮಾಡಿಕೊಂಡು ನುಡಿಸಿದೆ. ಹುಡುಗ ಗಂಭೀರವಾಗಿ ಕೇಳಿದ. ಕೊನೆಗೆ, ‘ಚೆನ್ನಾಗಿ ಬಂತು ಸಾರ್’ ಅಂದ. ‘ನೀನೂ ನುಡಿಸು, ಬಾ.’ ‘ಬೇಡ ಸಾರ್. ಅದು ಕೇಳಕ್ಕೆ ಚೆನ್ನಾಗಿರತ್ತೆ, ನುಡಿಸಕ್ಕಲ್ಲ.’

ಅವನಿಗೆ ಅದು ಬರಲಿಲ್ಲ, ನನಗೆ ಅದು ಹೋಗಲಿಲ್ಲ. ಇವತ್ತಿಗೂ ಸ್ನಾನ ಮಾಡುವಾಗ ನನ್ನ ಬಾಯಲ್ಲಿ ಅದೇ. ಬಿಸಿನೀರಿನ ತಂಬಿಗೆ ಎತ್ತಿ ಸುರಿದುಕೊಳ್ಳುವಾಗ ನಾನೇ ಒಂದು ದೊಡ್ಡ ಹೀರೋ ಅನ್ನಿಸುತ್ತದೆ, ಅದು ಬೇರೆ ವಿಷಯ.

ಈ ನಡುವೆ ಒಂದು ತಮಾಷೆ ಆಯಿತು. ಅವರಮ್ಮನಿಗೆ ಬ್ಯಾಂಕಿನಲ್ಲಿ ಆಡಿಟ್ಟು ಅಂತ ಎರಡು ತಿಂಗಳು ಹುಡುಗನ ಜೊತೆ ಅಜ್ಜಿ ಬರುತ್ತಿದ್ದರು. ‘ನೀವು ಪಾಠ ನಡೆಸಿ ಮೇಷ್ಟ್ರೇ, ನಾನು ಇಲ್ಲೇ ಇರ್ತೀನಿ’ ಅಂತ ಜಗುಲಿಯ ಮೇಲೆ ಕೂತು ಕಾಕಡ ಕಟ್ಟುವರು. ಒಂದು ದಿನ ಒಳಗೆ ರಾಯರು ಎಂಟನೇ ವರಸೆಯಲ್ಲಿ ಸಿಕ್ಕಿಹಾಕಿಕೊಂಡರು. ಮೇಲೆ ಹೋದವರು ಕೆಳಗಿಳಿಯುವ ದಾರಿ ಮರೆತರು. ನಾನು ಬಾಯಿ ತೆರೆಯುವ ಮೊದಲೇ ಜಗುಲಿಯಿಂದ ಸಣ್ಣ ದನಿಯಲ್ಲಿ ಮುಂದಿನ ಸ್ವರಗಳು ಕೇಳಿಸಿದವು. ಶುದ್ಧವಾಗಿ, ತಾಳ ಸಮೇತ. ಇಣುಕಿ ನೋಡಿದರೆ ಅಜ್ಜಿ ಎರಡು ಹೂವಿಗೊಂದು ಗಂಟು, ಗಂಟಿಗೊಂದು ಸ್ವರ ಅಂತ ಹಾಕಿಕೊಂಡು ಹೋಗುತ್ತಿದ್ದಾರೆ. ನಾನು ನೋಡಿದ್ದು ಕಂಡು, ‘ಅಯ್ಯೋ, ಕೇಳಿ ಕೇಳಿ ಬಂದ್ಬಿಟ್ಟಿದೆ ಮೇಷ್ಟ್ರೇ, ಸೊಳ್ಳೆ ಬೇರೆ ಕಚ್ಚುತ್ತಲ್ಲ, ಸುಮ್ನೆ ಕೂರೋ ಬದಲು ಅಂತ...’ ಅಂತ ನಾಚಿದರು. ಹದಿನಾಲ್ಕು ವರಸೆಯೂ ಅವರಿಗೆ ಬರುತ್ತಿತ್ತು. ರಾಯರಿಗೆ ಇದರಿಂದ ಎಳ್ಳಷ್ಟೂ ಅವಮಾನ ಆಗಲಿಲ್ಲ. ಪರಮ ಸಂತೋಷದಿಂದ, ‘ಸಾರ್, ಜೂನಿಯರ್ ಪರೀಕ್ಷೆಗೆ ಅಜ್ಜೀನೇ ಕಟ್ಟಿಸಿಬಿಡಿ’ ಅಂದರು.

ಆಡಿಟ್ಟು ಮುಗಿಯಿತು. ಅಜ್ಜಿ ಬರುವುದು ನಿಂತಿತು. ಹೇಳಬಾರದು, ಗುರುವಾರದ ಆಸ್ಥೆ ನನಗೂ ಸ್ವಲ್ಪ ಕಡಿಮೆ ಆಯಿತು.

ನೀವು ಕೇಳಬಹುದು: ಇಷ್ಟೆಲ್ಲ ಯಾಕೆ, ಹುಡುಗನಿಗೆ ಒಗ್ಗುವುದಿಲ್ಲ ಅಂತ ಅವರಮ್ಮನಿಗೆ ಹೇಳಿ ಕೈತೊಳೆದುಕೊಳ್ಳಬಾರದೇ ಅಂತ. ಹೇಳಬೇಕು ಅಂತ ಮೂರು ಸಲ ಗಂಟಲು ಸರಿಮಾಡಿಕೊಂಡಿದ್ದೇನೆ. ಮೂರು ಸಲವೂ ಅವತ್ತು ತಿಂಗಳ ಮೊದಲ ಗುರುವಾರ, ಲಕೋಟೆಯ ದಿನ. ಇದು ನನ್ನ ನಾಚಿಕೆಗೇಡಿನ ಕಾರಣ. ರಾಯರಿಗೂ ಇದು ಗೊತ್ತು. ಐದು ಗುರುವಾರ ಬರುವ ತಿಂಗಳಲ್ಲಿ ಒಮ್ಮೆ, ‘ಸಾರ್, ಅಮ್ಮ ದುಡ್ಡು ಕೊಡೋದು ನಾಲ್ಕು ಕ್ಲಾಸಿಗಲ್ವಾ? ಇವತ್ತು ಐದನೇದು. ನಿಮಗೆ ಲಾಸು’ ಅಂತ ನನ್ನ ಪರವಾಗಿ ವಕಾಲತ್ತು ಹಾಕಿದ. ಪಿಟೀಲಿನಿಂದ ಮ್ಯಾಥ್ಸ್ ಬಂತೋ, ಅಬಾಕಸ್ಸಿನಿಂದ ಬಂತೋ, ಅಂತೂ ಬಂದಿದೆ.

ಎರಡನೇ ಕಾರಣ ಹೇಳಲು ಇನ್ನೂ ನಾಚಿಕೆ. ನನ್ನ ಗುರುಗಳ ಮನೆ ಅಗ್ರಹಾರದಲ್ಲಿತ್ತು. ಬೆಳಗ್ಗೆ ಐದಕ್ಕೆ ಎದ್ದು ಸಾಧನೆ ಮಾಡಬೇಕು ಅಂತ ಅವರ ಕಟ್ಟಪ್ಪಣೆ. ನಾನು ಐದಕ್ಕೇ ಏಳುತ್ತಿದ್ದೆ. ಎದ್ದು, ಸ್ವರದ ಪುಸ್ತಕದ ಮೇಲೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತೆರೆದಿಟ್ಟು, ಕಣ್ಣು ಪತ್ತೇದಾರ ಪುರುಷೋತ್ತಮನ ಹಿಂದೆ ಓಡುತ್ತಿರುವಾಗ ಬಲಗೈಯಲ್ಲಿ ಬರೀ ಸಾರಣಿ ತಂತಿಯ ಮೇಲೆ ಕಮಾನು ಆಡಿಸುತ್ತಿದ್ದೆ: ಸಾ... ಸಾ... ಸಾ... ಅಡುಗೆಮನೆಯಿಂದ ಅಮ್ಮ, ‘ಅರ್ಧ ಗಂಟೆಯಿಂದ ಸ ಬಿಟ್ಟು ಮುಂದೆ ಹೋಗಿಲ್ವಲ್ಲೋ, ರಿ ಎಲ್ಲಿ ಸತ್ತುಹೋಯ್ತು?’ ಅಂತ ಕೂಗುವಳು. ಕೊಲೆಗಾರ ಯಾರು ಅಂತ ಗೊತ್ತಾಗುವ ಹೊತ್ತು; ರಿ ಸತ್ತದ್ದರ ತನಿಖೆಗೆ ನನಗೆ ಪುರುಸೊತ್ತು ಎಲ್ಲಿ? ಗುರುಗಳು ಕೇಳಿದರೆ ನನ್ನ ಪಲ್ಲವಿಯೂ ನೆಂಟರದ್ದೇ. ನಮ್ಮ ಮನೆಯಲ್ಲಿ ನಿಜವಾಗಿಯೂ ನೆಂಟರಿರುತ್ತಿದ್ದರು ಅನ್ನುವುದಷ್ಟೇ ವ್ಯತ್ಯಾಸ. ಅವರು ಬೈಯುತ್ತಿರಲಿಲ್ಲ, ಕಮಾನಿನ ಹಿಂಬದಿಯಿಂದ ಬೆರಳ ಗೆಣ್ಣಿಗೆ ಒಂದು ತಟ್ಟುತ್ತಿದ್ದರು. ಈಗ ನಾನು ತಟ್ಟುವ ಹಾಗಿಲ್ಲ. ತಟ್ಟಬೇಕು ಅಂತಲೂ ಇಲ್ಲ. ಗೆಣ್ಣಿಗೆ ಏಟು ಬಿದ್ದದ್ದರಿಂದ ನನಗೆ ಸ್ವರ ಬಂತು ಅಂತ ಹೇಳುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅದರಿಂದ ಬಂದದ್ದು ಕೈ ಹಿಂದಕ್ಕೆ ಎಳೆದುಕೊಳ್ಳುವ ಚುರುಕು ಮಾತ್ರ. ಪಿಟೀಲು ಬಂದದ್ದು ಯಾವಾಗ, ಹೇಗೆ ಅಂತ ನನಗೂ ತಿಳಿಯದು. ಹಳ್ಳಿಯ ಬಸ್ಸು ಬಂದ ಹಾಗೆ, ಕಾದು ಕಾದು ಬಿಟ್ಟುಬಿಟ್ಟಿದ್ದಾಗ ಬಂತು.

ಇರಲಿ. ಮೊನ್ನೆ ರಾಮನವಮಿ. ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಒಂದು ಗಾಯನ ಕಚೇರಿ, ಪಿಟೀಲು ನನ್ನದು. ಬೇಸಿಗೆಯಲ್ಲಿ ಪಿಟೀಲಿನವನ ಪಾಡು ದೇವರಿಗೇ ಪ್ರೀತಿ. ಒಣ ಹವೆಗೆ ಮರ ಕುಗ್ಗುತ್ತದೆ, ಬಿರಡೆ ತನ್ನ ತೂತಿನಲ್ಲಿ ನಿಲ್ಲದೆ ಹಿಂದಕ್ಕೆ ಜಾರುತ್ತದೆ, ತಂತಿ ಇಳಿಯುತ್ತದೆ. ಇದಕ್ಕೆ ಬಡವರ ಮದ್ದು ಸೀಮೆಸುಣ್ಣ. ಬಿರಡೆ ಬಿಚ್ಚಿ ಒಂದಿಷ್ಟು ಹಚ್ಚಿದರೆ ಕಚ್ಚಿ ನಿಲ್ಲುತ್ತದೆ. ಇದನ್ನು ಎಲ್ಲ ಶಿಷ್ಯರಿಗೂ ಉಪದೇಶ ಮಾಡುವ ನಾನು ಅವತ್ತು ಹಚ್ಚಿರಲಿಲ್ಲ. ಮೂರನೇ ಕೃತಿಗೆ ಬರುವ ಹೊತ್ತಿಗೆ ಎಲ್ಲೋ ಏನೋ ಒಂಚೂರು ಹುಳಿ ಅನ್ನಿಸಿತು. ಗಾಯಕರಿಗೆ ಅಂದು ಗಂಟಲು ಸರಿಯಿಲ್ಲ ಅಂದುಕೊಂಡೆ. (ಪಕ್ಕವಾದ್ಯದವರಿಗೆ ಮೊದಲು ಹೊಳೆಯುವುದು ಯಾವಾಗಲೂ ಇದೇ.) ಐದನೇ ಕೃತಿಯ ಹೊತ್ತಿಗೆ ನೋಡಿಕೊಂಡೆ, ಪಂಚಮದ ತಂತಿ ಇಳಿದು ಕೂತಿದೆ. ಮೃದಂಗದವರು ಮುಕ್ತಾಯ ಹಾಕುವ ಗದ್ದಲದಲ್ಲಿ ಮೆಲ್ಲಗೆ ಬಿರಡೆ ತಿರುವಿ ಸರಿಮಾಡಿಕೊಂಡೆ. ಸಭೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಕೊನೆಯಲ್ಲಿ ಅಧ್ಯಕ್ಷರು ಶಾಲು ಹೊದಿಸಿ, ‘ಪಿಟೀಲು ಜೇನು ಸುರಿದ ಹಾಗಿತ್ತು’ ಅಂದರು.

ಕೆಳಗಿಳಿದು ಬಂದರೆ ಕಂಬದ ಪಕ್ಕ ರಾಯರು. ಅಜ್ಜಿಯ ಜೊತೆ ಬಂದಿದ್ದಾನೆ. ಒಂದು ಕೈಯಲ್ಲಿ ದೊನ್ನೆ ತುಂಬ ಕೋಸಂಬರಿ, ಇನ್ನೊಂದು ಕೈಯಲ್ಲಿ ಪಾನಕದ ಲೋಟ, ಮೇಲ್ದುಟಿಯ ಮೇಲೆ ಬೆಲ್ಲದ ಮೀಸೆ. ನನ್ನನ್ನು ಬಗ್ಗು ಅಂತ ಸನ್ನೆ ಮಾಡಿದ. ಬಗ್ಗಿದೆ. ಯಾರಿಗೂ ಕೇಳದ ಹಾಗೆ ಕಿವಿಯ ಹತ್ತಿರ, ‘ಸಾರ್, ಮೂರನೇ ಹಾಡಿಂದ ನಿಮ್ಮ ಪಂಚಮ ಇಳಿದೋಗಿತ್ತು’ ಅಂದ.

ನನಗೆ ಮಾತೇ ಹೊರಡಲಿಲ್ಲ.

‘ಕೈ ತೋರಿಸೋಣ ಅಂದ್ಕೊಂಡೆ ಸಾರ್. ಅಷ್ಟರಲ್ಲಿ ಪಾನಕ ಬಂತು.’ ಒಂದು ಗುಟುಕು ಹೀರಿ, ಸಮಾಧಾನದ ದನಿಯಲ್ಲಿ, ‘ಚೌಡಯ್ಯನೋರ ಥರ ಏಳು ತಂತಿ ಇದ್ದಿದ್ರೆ ಇನ್ನೂ ಕಷ್ಟ ಆಗ್ತಿತ್ತು ಅಲ್ವಾ ಸಾರ್?’ ಅಂದ.

ನಂತರದ ಗುರುವಾರ ಐದೂವರೆಗೆ ಚಿಲಕ ಸದ್ದಾಯಿತು. ರಾಯರು ಬಂದು ಚಾಪೆಯ ಮೇಲೆ ಕೂತರು, ಪೆಟ್ಟಿಗೆ ತೆರೆದರು. ಪೆಪ್ಪರ್‌ಮಿಂಟ್ ಇರಲಿಲ್ಲ, ಕಮಾನು ಅದೇ ಕೋನದಲ್ಲಿ ಮಲಗಿತ್ತು. ನಾನು ಇನ್ನೇನು ‘ಪ್ರಾಕ್ಟೀಸ್ ಮಾಡಿದ್ಯಾ’ ಅಂತ ಬಾಯಿ ತೆರೆಯಬೇಕು, ಅವನೇ ನನ್ನ ಪಿಟೀಲಿನ ಕಡೆ ಬೆರಳು ತೋರಿಸಿ, ‘ಬಿರಡೆಗೆ ಸೀಮೆಸುಣ್ಣ ಹಚ್ಚಿದ್ರಾ ಸಾರ್?’ ಅಂದ.

ಹಚ್ಚಿರಲಿಲ್ಲ.

‘ಅದೂ... ಏನಾಯ್ತು ಅಂದ್ರೆ...’ ಅಂದೆ. ‘ಟೈಮ್ ಸಿಗಲಿಲ್ಲ ಕಣೋ. ಮನೇಲಿ ನೆಂಟರಿದ್ರು.’

ರಾಯರು ಕಣ್ಣು ಮುಚ್ಚಿಕೊಂಡು ‘ಹೂಂ’ ಅಂದರು.